ಬೇಜಾರಾದಾಗ ತಿನ್ನುವ ಅಭ್ಯಾಸ: ನನಗೆ ಕೊನೆಗೂ ಫಲ ಕೊಟ್ಟ ದಾರಿ

"ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಕು, ಈ ಮೂಡ್ ಬರೆದಿಡೋದೆಲ್ಲ ಯಾಕೆ?" ಅಂತ ಕೇಳಿದವರೇ ಜಾಸ್ತಿ. ಹಾಗೆ ಬರೆದಿಡಲು ಶುರು ಮಾಡಿ ಈಗ ವರ್ಷದ ಮೇಲಾಯಿತು. ಬೇಜಾರಿಗೆ ತಿನ್ನುವುದು ವಾರದಲ್ಲಿ ನಾಲ್ಕೈದು ಸಂಜೆ ಇದ್ದದ್ದು ಒಂದಕ್ಕೆ ಇಳಿದಿದೆ, ಕೆಲವು ವಾರ ಅದೂ ಇಲ್ಲ. ನನ್ನ ಲೆಕ್ಕಾಚಾರ ಸರಿಯಾಗಿತ್ತು ಅಂತ ಧೈರ್ಯವಾಗಿ ಹೇಳುತ್ತೇನೆ. ತಿಂದದ್ದನ್ನೆಲ್ಲ ಡೈರಿಯಲ್ಲಿ ಬರೆಯುವುದು, ಹಸಿವು ಎಷ್ಟಿದೆ ಅಂತ ಅಂಕ ಕೊಡುವುದು, ಇಂಥ ಸಾಮಾನ್ಯ ಸಲಹೆಗಳನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಮೊದಲು ದುಡ್ಡಿನ ಮಾತು. ಆ್ಯಪ್‌ಗೆ ಚಂದಾ, ಒಂದು ಆನ್‌ಲೈನ್ ಕೋರ್ಸ್, ಊಟದ ಬದಲು ಕುಡಿಯುವ ಪುಡಿ. ಎಲ್ಲ ಸೇರಿ ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ ಹೋಯಿತು. ಆ್ಯಪ್ ಕ್ಯಾಲೊರಿ ಎಣಿಸುತ್ತಿತ್ತು, ಮನಸ್ಸಿನ ಸುದ್ದಿಗೇ ಬರುತ್ತಿರಲಿಲ್ಲ. ಲೆಕ್ಕ ಮೀರಿತು ಅಂತ ಕೆಂಪಗೆ ತೋರಿಸಿದರೆ ಇನ್ನೂ ಬೇಜಾರು, ಇನ್ನೂ ತಿನ್ನುವುದು. ಕೋರ್ಸ್‌ನವರು ಸಿಹಿ ಪೂರ್ತಿ ಬಿಡಿ ಅಂದರು. ಒಂದೆರಡು ವಾರ ಬಿಟ್ಟೆ, ಆಮೇಲೆ ಬಿಟ್ಟದ್ದೆಲ್ಲ ಒಟ್ಟಿಗೆ ಹೊಟ್ಟೆಗೆ ಹೋಯಿತು. ಹರ್ಮನ್ ಮತ್ತು ಮ್ಯಾಕ್ ಅನ್ನುವ ಸಂಶೋಧಕರು 1975ರಲ್ಲಿ ಪ್ರಕಟಿಸಿದ ಒಂದು ಮಿಲ್ಕ್‌ಶೇಕ್ ಪ್ರಯೋಗ ಇದೆ. ಸದಾ ಪಥ್ಯದಲ್ಲಿರುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಜಾಸ್ತಿ ತಿಂದಿದ್ದರು. ನನ್ನಲ್ಲೂ ಅದೇ ಆಯಿತು.

ಆಗ ತಿಂದದ್ದು ಬರೆಯುವುದನ್ನು ನಿಲ್ಲಿಸಿದೆ. ಎಚ್ಚರ ಇರುವಷ್ಟು ಹೊತ್ತು, ಗಂಟೆಗೊಮ್ಮೆ, ಮೂಡ್ ಮಾತ್ರ ಬರೆದೆ. ಸುಮಾರು ಎರಡು ತಿಂಗಳು. ಪುಟ ತಿರುವಿದಾಗ ಗೊತ್ತಾಯಿತು: ಜಗಳ, ಡೆಡ್‌ಲೈನ್ ನಡೆಯುವಾಗ ನಾನು ತಿನ್ನುವುದೇ ಇಲ್ಲ. ಎಲ್ಲ ಮುಗಿದು ಎರಡು ಮೂರು ಗಂಟೆಯ ಮೇಲೆ ಕೈ ಡಬ್ಬಿಗೆ ಹೋಗುತ್ತದೆ. ಇದರಲ್ಲಿ ವಿಚಿತ್ರವೇನಿಲ್ಲ. ಟೆನ್ಷನ್ ಆದಾಗ ದೇಹದಲ್ಲಿ ಏರುವ ಹಾರ್ಮೋನುಗಳಲ್ಲಿ ಅಡ್ರಿನಲಿನ್ ಆ ಕ್ಷಣಕ್ಕೆ ಹಸಿವನ್ನು ಅದುಮುತ್ತದೆ, ತಿನ್ನುವ ಆಸೆ ಹೆಚ್ಚಿಸುವ ಕಾರ್ಟಿಸಾಲ್ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಜೊತೆಗೆ ಅಂಥ ದಿನ ಮಧ್ಯಾಹ್ನದ ಊಟವೂ ತಪ್ಪಿರುತ್ತಿತ್ತು. ಸಿಟ್ಟಿನ ದಿನಗಳಿಗಿಂತ ಬೋರು, ಒಂಟಿತನದ ದಿನಗಳೇ ಕೆಟ್ಟವು.

ಹಾಗಾಗಿ ಆಸೆ ಬಂದಾಗ ಹೋರಾಡುವುದನ್ನು ಬಿಟ್ಟೆ. ಹಸಿವಿರಲಿ ಬಿಡಲಿ, ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ. ಟೆನ್ಷನ್ ಮುಗಿದ ಕೂಡಲೇ, ತಿನ್ನಬೇಕು ಅನ್ನಿಸುವ ಮೊದಲೇ, ಹತ್ತು ನಿಮಿಷ ಬಿಡುವು. ಅದರಲ್ಲಿ ಅರ್ಧ ನಡಿಗೆ. ಉಳಿದರ್ಧ ಏನು ಅಂತ ಹೇಳುವುದಿಲ್ಲ, ಅದು ತುಂಬ ಖಾಸಗಿ. ನಿಮ್ಮದು ನೀವೇ ಹುಡುಕಿಕೊಳ್ಳಿ. ಆಮೇಲೂ ತಿನ್ನಬೇಕು ಅನ್ನಿಸಿದರೆ ತಟ್ಟೆಗೆ ಹಾಕಿಕೊಂಡು, ಕೂತು ತಿನ್ನುತ್ತೇನೆ. ಯಾವುದಕ್ಕೂ ನಿಷೇಧ ಇಲ್ಲ. ಮೊದಲ ಮೂರು ವಾರ ಏನೂ ಬದಲಾಗಲಿಲ್ಲ, ಬಿಡಬೇಡಿ.

ಒಂದು ಮಾತು: ತಿನ್ನುವಾಗ ಕೈ ತಡೆಯಲಿಕ್ಕೇ ಆಗುವುದಿಲ್ಲ ಅಥವಾ ತಿಂದು ವಾಂತಿ ಮಾಡುತ್ತೀರಿ ಅಂದರೆ ಇದು ನಿಮಗಲ್ಲ. ನೇರ ಡಾಕ್ಟರ್ ಹತ್ತಿರ ಹೋಗಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಎಡಗೈಯಲ್ಲಿ ತಿನ್ನುವುದು ಕೆಲವೇ ದಿನ ನಡೆಯಿತು, ಎಡಗೈ ಬೇಗ ಕಲಿತುಬಿಟ್ಟಿತು. ಚಿಕ್ಕ ತಟ್ಟೆ ಸುಮ್ನೆ, ಮತ್ತೆ ಮತ್ತೆ ತುಂಬಿಸಿಕೊಂಡೆ. ಬೇಗ ಹಲ್ಲುಜ್ಜುವುದು ರಾತ್ರಿಗೆ ಪರವಾಗಿಲ್ಲ. ನಿದ್ದೆ ಮಾತ್ರ ದೊಡ್ಡ ವಿಷಯ: ಆರು ಗಂಟೆಗಿಂತ ಕಡಿಮೆ ಮಲಗಿದ ಮರುದಿನ ತಿನ್ನುವುದು ಹತ್ತಿರ ಹತ್ತಿರ ಎರಡರಷ್ಟು. ಈಗ ಮೂಡ್ ಪಟ್ಟಿಯ ಪಕ್ಕದಲ್ಲೇ ನಿದ್ದೆಯ ಗಂಟೆಯನ್ನೂ ಬರೆಯುತ್ತಿದ್ದೇನೆ.