ಮುನಿರಾಬಾದ್‌ನಿಂದ ರಾಯಚೂರಿಗೆ ನಾಲ್ಕು ದಿನದ ಓಟ: ಗೆಳೆಯರ ತಂಡಕ್ಕೆ ತಯಾರಿ

ಮ್ಯಾರಥಾನ್ 42.195 ಕಿ.ಮೀ.ಗೆ ಮುಗಿಯುತ್ತದೆ, ಅದಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾ. ಅದನ್ನೇ ನಾಲ್ಕು ದಿನಕ್ಕೆ ಹಂಚಿಕೊಂಡು ಓಡುವಾಗ ಲೆಕ್ಕವೇ ಬೇರೆ. ಒಂದು ದಿನದ ಓಟದಲ್ಲಿ ಕೊನೆಗೆ ಕಾಲು ಸೋತರೂ ನಡೆದೀತು. ಇಲ್ಲಿ ಮರುದಿನ ಐದೂವರೆಗೆ ಅದೇ ಕಾಲಿಗೆ ಮತ್ತೆ ಶೂ ಹಾಕಬೇಕು. ಹಾಗಾಗಿ ವೇಗವಿರಲಿ, ಊಟವಿರಲಿ, ಸಾಕ್ಸ್ ಇರಲಿ, ಎಲ್ಲವನ್ನೂ ನಾಳೆ ಬೆಳಗ್ಗೆ ಎದ್ದಾಗ ಹೇಗಿರುತ್ತೇವೆ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ದಾರಿ ಹೀಗಿದೆ. ಮೊದಲ ದಿನ ಮುನಿರಾಬಾದ್‌ನಿಂದ ಹುಲಿಗಿ, ಸಣಾಪುರ, ಆನೆಗೊಂದಿ ಹಾದು ಗಂಗಾವತಿ. ಎರಡನೇ ದಿನ ಕಾರಟಗಿ ಮೇಲೆ ಸಿಂಧನೂರು. ಮೂರನೇ ದಿನ ಪೋತ್ನಾಳ ದಾಟಿ ಮಾನ್ವಿ. ನಾಲ್ಕನೇ ದಿನ ಕಲ್ಲೂರಿನ ಮೇಲೆ ರಾಯಚೂರು. ಒಟ್ಟು 170 ಕಿ.ಮೀ. ಆಸುಪಾಸು. ಮೊದಲ ದಿನ 40ರ ಒಳಗೆ, ಎರಡನೆಯದು 50 ದಾಟುತ್ತದೆ, ಉಳಿದೆರಡು 45ರ ಹತ್ತಿರ. ನೀವು ಹಿಡಿಯುವ ರಸ್ತೆಯನ್ನು ಮೊಬೈಲ್ ಮ್ಯಾಪಿನಲ್ಲಿ ಮೊದಲೇ ಅಳೆದಿಟ್ಟುಕೊಳ್ಳಿ. ಗಂಗಾವತಿ ದಾಟಿದ ಮೇಲೆ ಭತ್ತದ ಸೀಮೆ. ಕಣ್ಣು ಹಾಯುವಷ್ಟು ಸಮತಟ್ಟು, ನೆರಳು ಕಡಿಮೆ. ಏರಿಳಿತವಿಲ್ಲದ ದಾರಿ ಸುಲಭ ಎಂದುಕೊಳ್ಳುವವರೇ ಹೆಚ್ಚು. ಆದರೆ ಅಲ್ಲಿ ದಿನವಿಡೀ ಅದೇ ಸ್ನಾಯು ಅದೇ ಕೆಲಸ ಮಾಡುತ್ತದೆ, ಬಿಡುವೇ ಸಿಗುವುದಿಲ್ಲ. ಆ ಬಿಡುವನ್ನು ನಡಿಗೆಯಿಂದ ನೀವೇ ಕೊಡಬೇಕು.

ಕಾಲ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ. ಮಾರ್ಚ್ ಬಂತೆಂದರೆ ರಾಯಚೂರು ಬಿಸಿಲನ್ನು ಪರೀಕ್ಷಿಸಲು ಹೋಗಬೇಡಿ. ಮಳೆಯಲ್ಲಿ ಎರೆ ಮಣ್ಣು ಶೂ ತಳಕ್ಕೆ ಹತ್ತಿ ಒಂದೊಂದು ಕಾಲೂ ಕಲ್ಲು ಕಟ್ಟಿದಂತಾಗುತ್ತದೆ. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಯ ದಿನ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ ಸುತ್ತ ಕಾಲಿಡಲು ಜಾಗವಿರದು. ಹುಲಿಗೆಮ್ಮನ ಗುಡಿಯಿರುವ ಹುಲಿಗಿಯಲ್ಲೂ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಜನ ಕಿಕ್ಕಿರಿದಿರುತ್ತಾರೆ. ಬೇರೆ ದಿನ ಹೊರಡಿ. ಸುಗ್ಗಿ ಇನ್ನೂ ಮುಗಿಯದಿದ್ದರೆ ರಸ್ತೆಯ ಅರ್ಧ ಭಾಗ ಭತ್ತ ಒಣಹಾಕಿರುತ್ತಾರೆ. ಅದನ್ನು ತುಳಿಯಬೇಡಿ, ರೈತರ ಬೈಗುಳ ನ್ಯಾಯವಾಗಿಯೇ ಬೀಳುತ್ತದೆ. ಎದುರು ಬರುವ ಟ್ರ್ಯಾಕ್ಟರ್ ಕಾಣುವಂತೆ ಬಲಬದಿಯಲ್ಲಿ ಓಡಿ. ರಸ್ತೆ ಅಂಚು ಇಳಿಜಾರಾಗಿರುವುದರಿಂದ ಒಂದೇ ಕಾಲಿನ ಮೊಣಕಾಲ ಹೊರಬದಿ ಹಿಡಿಯುತ್ತದೆ. ವಾಹನವಿಲ್ಲದಾಗ ಮಟ್ಟಸವಾದ ಕಡೆ ಸರಿದುಕೊಳ್ಳಿ. ಕಾಲುವೆ ಪಕ್ಕದ ಸರ್ವೀಸ್ ರಸ್ತೆ ಮೊಣಕಾಲಿಗೆ ಹಿತ, ಆದರೆ ಮುಖ ತೊಳೆಯಲೆಂದು ಕಾಲುವೆಗೆ ಇಳಿಯಬಾರದು. ಗೋಡೆ ಪಾಚಿಗಟ್ಟಿರುತ್ತದೆ, ಜಾರಿದರೆ ಮೇಲೆ ಹತ್ತುವುದು ಕಷ್ಟ. ಆ ನೀರನ್ನು ಕುಡಿಯುವುದಂತೂ ಬೇಡ, ಗದ್ದೆಗೆ ಹೊಡೆದ ಔಷಧ ಅದರಲ್ಲಿ ಸೇರಿರಬಹುದು.

ತರಬೇತಿಗೆ 16 ವಾರ ಬೇಕು, ಅದೂ ಈಗಾಗಲೇ ವಾರಕ್ಕೆ 40 ಕಿ.ಮೀ. ಆರಾಮಾಗಿ ಓಡುವವರಿಗೆ. ಇದರ ಜೀವಾಳ ಶನಿವಾರ, ಭಾನುವಾರದ ಜೋಡಿ ಓಟ. 18 ಮತ್ತು 12ರಿಂದ ಶುರು ಮಾಡಿ, ಹದಿಮೂರನೇ ವಾರಕ್ಕೆ 35 ಮತ್ತು 28ಕ್ಕೆ ತನ್ನಿ. ಭಾನುವಾರದ ಓಟವೇ ನಿಜವಾದ ಪಾಠ, ಅದನ್ನು ತಪ್ಪಿಸಿದರೆ ಶನಿವಾರ ಎಷ್ಟು ಓಡಿದರೂ ಈ ಪ್ರಯಾಣಕ್ಕೆ ಸಾಲದು. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಕೊನೆಯ ಎರಡು ಮೂರು ವಾರ ದೂರವನ್ನು ಅರ್ಧಕ್ಕೆ ತನ್ನಿ. ಆಗ ಕೈಕಾಲು ಚಡಪಡಿಸುತ್ತವೆ, ಚಡಪಡಿಸಲಿ ಬಿಡಿ.

ತಂಡದಲ್ಲಿ ನಾಲ್ಕರಿಂದ ಆರು ಜನ, ಒಂದು ಗಾಡಿ, ಓಡದ ಒಬ್ಬ ಡ್ರೈವರ್. ಗಾಡಿ ಎಂಟು ಕಿ.ಮೀ.ಗೊಮ್ಮೆ ಮುಂದೆ ಹೋಗಿ ಕಾಯಲಿ. ಹತ್ತಿರವಿದ್ದರೆ ಎಲ್ಲರೂ ಕೂರುವ ನೆಪ ಹುಡುಕುತ್ತಾರೆ. ಹಿಂದಿದ್ದವನ ವೇಗವೇ ತಂಡದ ವೇಗ. ಇದನ್ನು ಬಾಯಲ್ಲಿ ಒಪ್ಪುವುದು ಸುಲಭ, ಮೊದಲ ದಿನ ಬೆಳಗಿನ ಚಳಿಯಲ್ಲಿ ಪಾಲಿಸುವುದು ಕಷ್ಟ. 25 ನಿಮಿಷ ಓಟ, 5 ನಿಮಿಷ ನಡಿಗೆ, ಅದೂ ಹೊರಟ ಮೊದಲ ಅರ್ಧ ಗಂಟೆಯಿಂದಲೇ. ಸುಸ್ತಾದ ಮೇಲೆ ನಡೆಯತೊಡಗಿದರೆ ಪ್ರಯೋಜನವಿಲ್ಲ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಬರುತ್ತಿರಬೇಕು. ಇನ್ನೊಂದು ನಿಯಮವನ್ನು ಹೊರಡುವ ಮೊದಲೇ ಒಪ್ಪಿಕೊಳ್ಳಿ: ಇಬ್ಬರು "ಸಾಕು ಮಾರಾಯಾ, ಗಾಡಿ ಹತ್ತು" ಎಂದರೆ ಮೂರನೆಯವನು ವಾದ ಮಾಡದೆ ಹತ್ತಬೇಕು. ಗಾಡಿ ದೂರವಿದ್ದರೆ ಗಂಗಾವತಿ-ರಾಯಚೂರು ಮಾರ್ಗದ ಸಾರಿಗೆ ಬಸ್ಸುಗಳಿವೆ, ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ.

ಓಡುವಾಗ ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು, ಹೆಬ್ಬೆರಳ ಗಾತ್ರದ 20 ಗ್ರಾಂ ಬೆಲ್ಲದಲ್ಲಿ ಸುಮಾರು 19. ಎರಡೂ ಸೇರಿದರೆ ಒಂದು ಗಂಟೆಯ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಶೇಂಗಾ ಚಿಕ್ಕಿ ಬದಲಾವಣೆಗೆ ಒಳ್ಳೆಯದು. ಜೋಳದ ರೊಟ್ಟಿ, ಕಾಳುಪಲ್ಯ ರಾತ್ರಿಗಿರಲಿ. ಅದರ ನಾರು ಓಡುವಾಗ ಹೊಟ್ಟೆ ಹಿಡಿಸುತ್ತದೆ. ಮಂಡಕ್ಕಿ ಒಗ್ಗರಣಿ ತಿನ್ನಿ, ಜೊತೆಗಿನ ಮಿರ್ಚಿ ಭಜಿಯನ್ನು ರಾಯಚೂರು ಮುಟ್ಟಿದ ಮೇಲೆ ನೋಡಿಕೊಳ್ಳೋಣ.

ನೀರು ಬಾಯಾರಿದಷ್ಟೇ, ಸಾಮಾನ್ಯವಾಗಿ ಗಂಟೆಗೆ 400ರಿಂದ 700 ಮಿ.ಲೀ. ಅರ್ಧ ಲೀಟರ್ ಮಜ್ಜಿಗೆಗೆ ಕಾಲು ಚಮಚ ಉಪ್ಪು ಹಾಕಿದರೆ 500 ಮಿ.ಗ್ರಾಂ. ಹತ್ತಿರ ಸೋಡಿಯಂ ಸಿಗುತ್ತದೆ, ಬಿಸಿಲಲ್ಲಿ ಒಂದು ಗಂಟೆಗೆ ಸಾಕು. ಬರೀ ನೀರನ್ನೇ ಗಟಗಟ ಕುಡಿಯುವುದು ಅಪಾಯ, ರಕ್ತದ ಸೋಡಿಯಂ ತೆಳುವಾಗುತ್ತದೆ. ಬೆರಳು ಊದಿ, ವಾಂತಿ ಬಂದು, ಮಾತು ತಡವರಿಸಿದರೆ ಮತ್ತೆ ನೀರು ಕುಡಿಸಬೇಡಿ, 108ಕ್ಕೆ ಕರೆ ಮಾಡಿ. ಮೈ ಕೆಂಡವಾಗಿ ಗೊಂದಲಕ್ಕೆ ಬಿದ್ದಿದ್ದರೆ ಅದು ಬಿಸಿಲಾಘಾತ: ಕರೆಯ ಜೊತೆಗೇ ನೆರಳಿಗೆ ಎಳೆದು ಮೈತುಂಬ ನೀರು ಸುರಿದು ಗಾಳಿ ಹಾಕಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಓಟ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರುವ ಸೂಚನೆ ಅದು. ಇದೇ ಕಾರಣಕ್ಕೆ ಓಟದ ದಿನಗಳಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಮುಟ್ಟಬಾರದು.

ಇಷ್ಟಾದರೂ ಹೆಚ್ಚಿನವರನ್ನು ನಿಲ್ಲಿಸುವುದು ಪಾದ. ಶೂ ಅರ್ಧದಿಂದ ಒಂದು ಸೈಜ್ ದೊಡ್ಡದಿರಲಿ, ಎರಡನೇ ದಿನಕ್ಕೆ ಪಾದ ಊದುತ್ತದೆ. ಎರಡು ಜೊತೆ ಶೂ, ದಿನಕ್ಕೆ ಎರಡು ಜೊತೆ ಸಾಕ್ಸ್. ಹತ್ತಿಯದು ಬೇಡ, ಬೆವರು ಹಿಡಿದಿಟ್ಟು ಚರ್ಮ ಮೆತ್ತಗಾಗಿಸುತ್ತದೆ. ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆಗಲೇ ನಿಂತು ಒರೆಸಿ ಟೇಪ್ ಹಾಕಿ. ಎರಡು ನಿಮಿಷದ ಕೆಲಸ. ಮುಂದೆ ಗಾಡಿ ಸಿಕ್ಕಾಗ ನೋಡೋಣ ಎಂದು ಎಳೆದರೆ ಎರಡು ದಿನ ನರಳಬೇಕು. ಎದ್ದೇಬಿಟ್ಟಿದ್ದರೆ ಸಂಜೆ ಸ್ಪಿರಿಟಿನಿಂದ ಒರೆಸಿ, ಹೊಸ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಹತ್ತಿಯಿಂದ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳಗಿನ ಹಸಿ ಚರ್ಮಕ್ಕೆ ಹೊದಿಕೆ. ಒಳಗೆ ರಕ್ತ ತುಂಬಿದ ಬೊಬ್ಬೆಯನ್ನು ಚುಚ್ಚದೆ ಬಿಡಿ. ತೊಡೆಸಂದು, ಕಂಕುಳಿಗೆ ಹೊರಡುವ ಮೊದಲೇ ವ್ಯಾಸಲಿನ್ ಹಚ್ಚಿಕೊಳ್ಳಿ.

ಊರು ಮುಟ್ಟಿದ ಮೊದಲ ಅರ್ಧ ಗಂಟೆಯನ್ನು ಫೋಟೋದಲ್ಲಿ ಕಳೆಯಬೇಡಿ. ಹತ್ತು ನಿಮಿಷ ನಡೆದು, ಒದ್ದೆ ಬಟ್ಟೆ ಬದಲಿಸಿ, ಮೊಸರನ್ನವೋ ಮೊಟ್ಟೆ-ಅನ್ನವೋ ಹೊಟ್ಟೆಗೆ ಹಾಕಿ. ಆಮೇಲೆ ಸ್ನಾನ, ಗೋಡೆಗೆ ಕಾಲೆತ್ತಿ ಕಾಲು ಗಂಟೆ ಮಲಗುವುದು, ಪಾದದ ಕೆಲಸ. ಏಳಕ್ಕೆ ಊಟ, ಒಂಬತ್ತಕ್ಕೆ ನಿದ್ದೆ. ಹಾಗಾಗಿ ಲಾಡ್ಜ್ ಬಸ್ ನಿಲ್ದಾಣದಿಂದ ದೂರವಿರಲಿ, ರಾತ್ರಿ ಹಾರ್ನ್ ತಪ್ಪುತ್ತದೆ.

ರಾಯಚೂರು ಮುಟ್ಟಿದ ಮೇಲೆ ಹತ್ತು ದಿನ ಓಟವಿಲ್ಲ, ನಡಿಗೆ ಸಾಕು. ಕಪ್ಪಾದ ಕಾಲುಗುರನ್ನು ಎಳೆದು ಕೀಳಬೇಡಿ. ಅಡಿಯಲ್ಲಿ ಹೊಸದು ಬಂದಾಗ ತಾನೇ ಬೀಳುತ್ತದೆ.