ಹಣ್ಣಿನ ಮಾರ್ಷ್‌ಮೆಲೋ: ಮೊದಲು ನೀರು ಬತ್ತಿಸಿ

ಮೊದಲ ಸಲ ಸ್ಟ್ರಾಬೆರಿ ಮಾರ್ಷ್‌ಮೆಲೋ, ಅಂದರೆ ಸ್ಪಂಜಿನಂಥ ಮೆತ್ತನೆಯ ಸಿಹಿ, ಮಾಡಿದಾಗ ಹಣ್ಣನ್ನು ರುಬ್ಬಿ ಹಾಗೇ ಸುರಿದುಬಿಟ್ಟಿದ್ದೆ. ರಾತ್ರಿಯೆಲ್ಲ ಇಟ್ಟರೂ ಗಟ್ಟಿಯಾಗಲಿಲ್ಲ. ಕತ್ತರಿಸಲು ಹೋದರೆ ಚಾಕುವಿಗೇ ಅಂಟಿಕೊಂಡು ಬಂತು. ಕೊನೆಗೆ ಚಮಚದಲ್ಲಿ ತಿಂದು ಮುಗಿಸಿದೆವು. ತಪ್ಪು ಹಣ್ಣಿನದಲ್ಲ, ಅದರೊಳಗಿನ ನೀರಿನದು. ಸ್ಟ್ರಾಬೆರಿಯಲ್ಲಿ ಶೇ 90ರಷ್ಟು ನೀರೇ ಇರುತ್ತದೆ. ಎಸೆನ್ಸ್ ಹಾಕಿದರೆ ಈ ರಗಳೆ ಇಲ್ಲ, ನಿಜ. ಆದರೆ ಆಮೇಲೆ ಬಾಯಿಗೆ ಸಿಗುವುದು ಹಣ್ಣಿನ ರುಚಿಯಲ್ಲ, ಎಸೆನ್ಸ್‌ನ ರುಚಿ ಅಲ್ವಾ?

300 ಗ್ರಾಂ ಸ್ಟ್ರಾಬೆರಿ ರುಬ್ಬಿ, ಸೋಸಿ, ಸಣ್ಣ ಉರಿಯಲ್ಲಿಡಿ. ಕೈಯಾಡಿಸುತ್ತಲೇ ಇರಿ. ಸುಮಾರು 100 ಗ್ರಾಂಗೆ ಇಳಿಯಬೇಕು. ಸೌಟಿನಿಂದ ತಳದಲ್ಲಿ ಗೀರಿದರೆ ಗೆರೆ ಒಂದು ಕ್ಷಣ ಹಾಗೇ ನಿಂತು, ಆಮೇಲೆ ನಿಧಾನಕ್ಕೆ ಮುಚ್ಚಿಕೊಂಡರೆ ಹದ ಬಂತು ಅಂತ ಅರ್ಥ. ಪೂರ್ತಿ ಆರಿದ ಮೇಲೆ ಬೀಟರ್‌ನ ದೊಡ್ಡ ಬಟ್ಟಲಿಗೆ ಹಾಕಿ, 60 ಮಿ.ಲೀ. ತಣ್ಣೀರು ಬೆರೆಸಿ. ಮೇಲೆ 20 ಗ್ರಾಂ ಜೆಲಟಿನ್ ಪುಡಿ (ಮಾರ್ಷ್‌ಮೆಲೋ ಗಟ್ಟಿಯಾಗುವುದು ಇದರಿಂದಲೇ) ಉದುರಿಸಿ ಕಲಸಿ. ಒಂದೇ ಕಡೆ ಸುರಿದರೆ ಗಂಟು ಗ್ಯಾರಂಟಿ. ಹತ್ತು ನಿಮಿಷದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ.

ಅನಾನಸ್, ಕಿವಿ, ಪಪ್ಪಾಯ ಹಾಕುವವರು ಹುಷಾರು. ಈ ಹಣ್ಣುಗಳ ಕಿಣ್ವಗಳು ಜೆಲಟಿನ್ ಅನ್ನು ತುಂಡರಿಸಿಬಿಡುತ್ತವೆ. ಹಸಿಯಾಗಿ ಬೆರೆಸಿದರೆ ಎಷ್ಟು ಹೊತ್ತು ಕಾದರೂ ಗಟ್ಟಿಯಾಗುವುದಿಲ್ಲ. ಚೆನ್ನಾಗಿ ಕುದಿಸಿದರೆ ಕಿಣ್ವದ ಆಟ ನಿಲ್ಲುತ್ತದೆ. ಹಾಗಾಗಿ ಇವುಗಳ ರಸ ಕೊತಕೊತ ಕುದಿದ ಮೇಲೇ ಉರಿ ತಗ್ಗಿಸಿ ಬತ್ತಿಸಿ.

ಈಗ ಪಾಕ. ಆಳವಾದ ಪಾತ್ರೆಯಲ್ಲಿ 350 ಗ್ರಾಂ ಸಕ್ಕರೆ, 150 ಗ್ರಾಂ ಗ್ಲೂಕೋಸ್ ಸಿರಪ್, 75 ಮಿ.ಲೀ. ನೀರು, ಚಿಟಿಕೆ ಉಪ್ಪು. ಗ್ಲೂಕೋಸ್ ಸಿರಪ್ ಬಿಡಬೇಡಿ. ಸಕ್ಕರೆ ಮತ್ತೆ ಹರಳುಗಟ್ಟದಂತೆ ತಡೆಯುವುದು ಅದೇ. ಸಕ್ಕರೆ ಕರಗುವವರೆಗೆ ಕಲಕಿ, ಕುದಿ ಬಂದ ಮೇಲೆ ಸುಮ್ನೆ ಬಿಟ್ಟುಬಿಡಿ. ಥರ್ಮಾಮೀಟರ್‌ನಲ್ಲಿ 116 ಡಿಗ್ರಿ ಸೆಲ್ಸಿಯಸ್ ತೋರಿಸಿದ ಕೂಡಲೇ ಇಳಿಸಿ. ಥರ್ಮಾಮೀಟರ್ ಇಲ್ಲವೇ? ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಡಿ. ಬೆರಳಲ್ಲಿ ಸೇರಿಸಿದರೆ ಮೆತ್ತನೆಯ ಉಂಡೆ ಆಗಬೇಕು.

ಕುದಿ ಅಡಗಿದ ಮೇಲೆ ಬೀಟರ್ ಅನ್ನು ನಿಧಾನ ವೇಗದಲ್ಲಿ ತಿರುಗಿಸುತ್ತಾ ಪಾಕವನ್ನು ಬಟ್ಟಲಿನ ಅಂಚಿಗುಂಟ ಸಣ್ಣ ಧಾರೆಯಾಗಿ ಬಿಡಿ. ತಿರುಗುವ ತಂತಿಯ ಮೇಲೆ ಬಿದ್ದರೆ ಸುತ್ತಲೂ ಸಿಡಿಯುತ್ತದೆ. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಮಕ್ಕಳನ್ನು ಈ ಹೊತ್ತಿನಲ್ಲಿ ದೂರವಿಡಿ. ಪಾಕ ಮುಗಿದ ಮೇಲೆ ವೇಗ ಜಾಸ್ತಿ ಮಾಡಿ. ಕೈಯಲ್ಲಿ ಕಡೆಯುವ ಯೋಚನೆ ಬೇಡವೇ ಬೇಡ.

ಮುಂದಿನ ಹತ್ತು ನಿಮಿಷ ನೋಡುವುದೇ ಚೆಂದ. ಮೊದಲು ಕಡುಗೆಂಪು ಸಾರಿನಂತೆ ನೀರ್ನೀರಾಗಿರುತ್ತದೆ. ಗಾಳಿ ಸೇರಿದ ಹಾಗೆ ಬಣ್ಣ ತಿಳಿಯಾಗುತ್ತಾ ಗುಲಾಬಿಗೆ ತಿರುಗುತ್ತದೆ, ಬಟ್ಟಲಿನಲ್ಲಿ ಏರುತ್ತಾ ಹೋಗುತ್ತದೆ. ಬೀಟರ್ ಎತ್ತಿದರೆ ದಪ್ಪ ಪಟ್ಟಿಯಂತೆ ಇಳಿದು, ಬಿದ್ದಲ್ಲಿ ಸ್ವಲ್ಪ ಹೊತ್ತು ಗುರುತು ಉಳಿಯಬೇಕು. ಅಷ್ಟರಲ್ಲಿ ಬಟ್ಟಲು ಉಗುರು ಬೆಚ್ಚಗಾಗಿರುತ್ತದೆ. ಸಿಹಿ ಮುಖಕ್ಕೆ ಹೊಡೆಯುವಂತಿದ್ದರೆ ಒಂದು ಚಮಚ ನಿಂಬೆರಸ ಸೇರಿಸಿ, ಅದಕ್ಕಿಂತ ಜಾಸ್ತಿ ಬೇಡ. ಹುಳಿ ಹೆಚ್ಚಾದರೆ ಜೆಲಟಿನ್‌ನ ಹಿಡಿತ ಸಡಿಲವಾಗುತ್ತದೆ.

ಎಣ್ಣೆ ಸವರಿದ 20 ಸೆಂ.ಮೀ. ಚೌಕದ ಟ್ರೇಗೆ ತಕ್ಷಣ ಸುರಿಯಿರಿ. ತಡಮಾಡಿದರೆ ಬಟ್ಟಲಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ಮುಚ್ಚದೆ ಆರೇಳು ಗಂಟೆ ಬಿಡಿ. ಕಾರ್ನ್‌ಫ್ಲೋರ್, ಐಸಿಂಗ್ ಶುಗರ್ ಸಮಸಮ ಬೆರೆಸಿಟ್ಟುಕೊಂಡು, ಎಣ್ಣೆ ಸವರಿದ ಚಾಕುವಿನಿಂದ ಕತ್ತರಿಸಿ. ತುಂಡುಗಳನ್ನು ಪುಡಿಯಲ್ಲಿ ಹೊರಳಿಸಿ. ಕತ್ತರಿಸಿದ ಬದಿಗಳೇ ಹೆಚ್ಚು ಅಂಟುವುದು, ಅವಕ್ಕೆ ಪುಡಿ ಚೆನ್ನಾಗಿ ಹಿಡಿಯಲಿ.

ಜೆಲಟಿನ್ ಪ್ರಾಣಿಜನ್ಯ. ಬೇಡ ಅನ್ನುವವರು ಅದೇ ಅಳತೆಗೆ ಕಡಲಕಳೆಯಿಂದ ತೆಗೆದ ಅಗರ್ ಹಾಕಿದರೆ ಆಗುವುದಿಲ್ಲ, ಅದರ ಲೆಕ್ಕವೇ ಬೇರೆ. ಮಾರ್ಷ್‌ಮೆಲೋನಂಥದೇ ಸಿಹಿಯಾದ ರಷ್ಯಾದ ಝೆಫಿರ್ ಅನ್ನು ಸೇಬಿನ ತಿರುಳು, ಮೊಟ್ಟೆಯ ಬಿಳಿ, ಅಗರ್ ಹಾಕಿ ಮಾಡುತ್ತಾರೆ. ಮೊಟ್ಟೆ ತಿನ್ನುವವರು ಆ ದಾರಿ ಹಿಡಿಯಬಹುದು.

ಗಾಳಿಯಾಡದ ಡಬ್ಬದಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹೊರಗೆ ತೆಗೆದ ಕೂಡಲೇ ಮೈಯೆಲ್ಲ ಬೆವರಿ, ಹೊರಳಿಸಿದ ಪುಡಿಯೆಲ್ಲ ಅಂಟಾಗಿಬಿಡುತ್ತದೆ.