ಸೆಕೆಂಡ್ ಹ್ಯಾಂಡ್ ಕುರ್ಚಿ ನನ್ನ ಬೆನ್ನಿಗೆ ಹೊಂದಿದ್ದು ಹೀಗೆ

ಹಳೆ ಆಫೀಸ್ ಕುರ್ಚಿ ತಂದು ರಿಪೇರಿ ಮಾಡಿಕೊಳ್ತೀನಿ ಅಂದಾಗ ಜೊತೆಯವರು ನಕ್ಕಿದ್ದರು. ಯಾರೋ ಕೂತು ಸವೆಸಿದ ಸೀಟು ನಿನಗ್ಯಾಕೆ ಅಂತ. ಅದಾಗಿ ಎರಡು ವರ್ಷದ ಮೇಲಾಯಿತು. ದಿನಕ್ಕೆ ಎಂಟು ಗಂಟೆ ಅದರಲ್ಲೇ ಕೂರುತ್ತೇನೆ, ಸಂಜೆ ಸೊಂಟ ಹಿಡಿಯುವುದು ನಿಂತಿದೆ. ನಕ್ಕವರಲ್ಲೇ ಕೆಲವರು ಈಗ ಕುರ್ಚಿ ನೋಡೋಕೆ ನನ್ನನ್ನು ಕರೆದುಕೊಂಡು ಹೋಗುತ್ತಾರೆ.

ಇದಕ್ಕೂ ಮೊದಲು ಎರಡು ಹೊಸ ಕುರ್ಚಿಗೆ ದುಡ್ಡು ಸುರಿದಿದ್ದೆ. ಮೊದಲನೆಯದು ಗೇಮಿಂಗ್ ಚೇರ್. ಸೀಟಿನ ಎರಡೂ ಬದಿ ಎದ್ದಿದ್ದು ತೊಡೆ ಒತ್ತುತ್ತಿತ್ತು, ಒಂದು ವರ್ಷದೊಳಗೆ ಫೋಮ್ ಕುಗ್ಗಿ ಕೆಳಗಿನ ಹಲಗೆ ತಾಗತೊಡಗಿತು. ಎರಡನೆಯದು ಮೆಶ್ (ಬಲೆ ಬಟ್ಟೆಯ) ಕುರ್ಚಿ, ನೋಡೋಕೆ ಚೆಂದ. ಆದರೆ ಸೀಟಿನ ಆಳ ಹತ್ತಿರ ಹತ್ತಿರ 50 ಸೆಂ.ಮೀ., ಹೊಂದಿಸಲು ಬರುವುದಿಲ್ಲ. ಹಿಂದಕ್ಕೆ ಕೂತರೆ ಮುಂದಿನ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತುತ್ತದೆ, ಮುಂದಕ್ಕೆ ಬಂದರೆ ಬೆನ್ನಿಗೆ ಆಸರೆಯೇ ಇಲ್ಲ. ಎರಡನ್ನೂ ಅರ್ಧಕ್ಕಿಂತ ಕಡಿಮೆಗೆ ಮಾರಿದೆ. ಎರಡಕ್ಕೂ ಹಾಕಿದ ದುಡ್ಡು ಸೇರಿಸಿದ್ದರೆ ಒಳ್ಳೆ ಬ್ರ್ಯಾಂಡಿನ ಹೊಸ ಕುರ್ಚಿಯೇ ಬರುತ್ತಿತ್ತು ಅನ್ನಿ.

ಆಮೇಲೆ ಟೇಪ್ ಹಿಡಿದು ನನ್ನನ್ನೇ ಅಳೆದೆ. ಕೆಲಸದ ಹೊತ್ತಿನಲ್ಲಿ ಹಾಕುವ ಚಪ್ಪಲಿ ಹಾಕಿಕೊಂಡೇ ಅಳೆಯಬೇಕು. ನೆಲದಿಂದ ಮಂಡಿಯ ಹಿಂಭಾಗಕ್ಕೆ ಸುಮಾರು 42 ಸೆಂ.ಮೀ. ಬೆನ್ನಿನಿಂದ ಮಂಡಿಯ ಹಿಂಭಾಗಕ್ಕೆ 47. ಅದರಲ್ಲಿ ಮೂರು ಬೆರಳಷ್ಟು ಜಾಗ ಕಳೆದರೆ ಸೀಟಿನ ಆಳ 42ರ ಆಸುಪಾಸು. ಕೂತಾಗ ಸೀಟಿನಿಂದ ಮೊಣಕೈಗೆ 24. ಇಷ್ಟೇ. ಅಂಗಡಿಯಲ್ಲಿ ನಾನು ನೋಡಿದ ಬಹಳಷ್ಟು ಕುರ್ಚಿಗಳ ಸೀಟು ನೆಲದಿಂದ 45ಕ್ಕಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ನನ್ನ ಎತ್ತರದವರಿಗೆ ಕಾಲು ನೇತಾಡದೆ ಇನ್ನೇನಾಗುತ್ತೆ?

ಹಳೆ ಕುರ್ಚಿ ನೋಡಲು ಹೋದಾಗ ಮೊದಲು ತಲೆಕೆಳಗು ಮಾಡಿ, ಐದು ಕಾಲುಗಳ ಬುಡದಲ್ಲಿ ಬಿರುಕಿದೆಯಾ ನೋಡುತ್ತೇನೆ. ಸೀಟನ್ನು ಮುಷ್ಟಿಯಲ್ಲಿ ಒತ್ತಿದಾಗ ತಳ ಸಿಕ್ಕರೆ ಅಲ್ಲಿಗೇ ಬಿಡುತ್ತೇನೆ. ಕೂತು ಎಡಬಲ ಅಲ್ಲಾಡುತ್ತೇನೆ. ಹಿಂದಕ್ಕೆ ಒರಗಲು ಬಿಡುವ ಟಿಲ್ಟ್ ಮೆಕ್ಯಾನಿಸಂ ಸಡಿಲವಾಗಿ ಕಟಕಟ ಅಂದರೆ ಅದಕ್ಕೆ ಮದ್ದಿಲ್ಲ. ಕೂತಲ್ಲೇ ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮಾತ್ರ ಒಳಗೊಳಗೇ ಖುಷಿ. ಗ್ಯಾಸ್ ಲಿಫ್ಟ್, ಅಂದರೆ ಸೀಟನ್ನು ಏರಿಸಿ ಇಳಿಸುವ ಸಿಲಿಂಡರ್, ಹೋಗಿದೆ ಅಂತ ಚೌಕಾಸಿ ಮಾಡಬಹುದು, ಅಲ್ವಾ? ಆ ಸಿಲಿಂಡರ್ ಕುರ್ಚಿಯ ಲೆಕ್ಕದಲ್ಲಿ ಚಿಲ್ಲರೆ ದುಡ್ಡು.

ಹೆಸರು ನೋಡಿ ಸಾಲದು, ಅಳತೆಯನ್ನೂ ನೋಡಿ. ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕುರ್ಚಿ 1994ರಲ್ಲಿ ಬಂದಿದ್ದೇ ಎ, ಬಿ, ಸಿ ಅಂತ ಮೂರು ಸೈಜಿನಲ್ಲಿ. ಬೆನ್ನಿನ ಚೌಕಟ್ಟಿನ ಮೇಲಂಚಿನ ಹಿಂದೆ ಬೆರಳಾಡಿಸಿದರೆ ಉಬ್ಬಿದ ಚುಕ್ಕೆ ಸಿಗುತ್ತವೆ. ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಅದರ ಸೀಟು ಹಿಂದೆ ಮುಂದೆ ಸರಿಯುವುದಿಲ್ಲ, ಹಾಗಾಗಿ ಸೈಜ್ ತಪ್ಪಿದರೆ ಮುಗೀತು. ನಾನು ತಂದದ್ದು ಸೀಟು ಸರಿಯುವ ಬೇರೆ ಕುರ್ಚಿ.

ನನ್ನ ನಿಜವಾದ ಸಾಹಸ ಸಿಲಿಂಡರ್‌ನಲ್ಲಿತ್ತು. ಹಳೆಯದರ ಬದಲು ಗಿಡ್ಡ ಸಿಲಿಂಡರ್ ಹಾಕಿದೆ. ಸೀಟು ಮೊದಲಿಗಿಂತ 4 ಸೆಂ.ಮೀ. ಕೆಳಗೆ ಬಂತು. ಕುರ್ಚಿ ಅಲ್ಲಾಡುತ್ತೆ, ಬೀಳುತ್ತೀಯ ಅಂದವರು ಬಹಳ ಜನ. ಬಹುತೇಕ ಕುರ್ಚಿಗಳಲ್ಲಿ ಸಿಲಿಂಡರ್ ಓರೆ ತುದಿಯ ಬಿಗಿತದಲ್ಲೇ ನಿಲ್ಲುತ್ತದೆ, ಸ್ಕ್ರೂ ಇರುವುದಿಲ್ಲ. ಅದನ್ನು ಕಳಚಲು ಎಲ್ಲರೂ ಸುತ್ತಿಗೆ, ಪೈಪ್ ರೆಂಚ್ ಹಿಡಿಯುತ್ತಾರೆ. ನನ್ನದು ಒಂದು ಗೀರೂ ಬೀಳದೆ ಬಂತು. ಹೇಗೆ ಅಂತ ಇಲ್ಲಿ ಹೇಳಲ್ಲ, ಸ್ವಲ್ಪ ಗುಟ್ಟು ಇರಲಿ. ಸಿಲಿಂಡರನ್ನು ಮಾತ್ರ ಕೊರೆಯಬೇಡಿ, ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ.

ಚಕ್ರವೂ ಬದಲಾಯಿಸಿದೆ, ಗಟ್ಟಿ ನೆಲಕ್ಕೆ ಮೆತ್ತನೆಯ ಪಾಲಿಯುರೆಥೇನ್‌ನವು. ಕುರ್ಚಿ ಕಾಲಿಗೆ ಸಿಕ್ಕಿಸುವ ಚಕ್ರದ ಕಡ್ಡಿ 11 ಮಿ.ಮೀ. ಇರುವುದೇ ಜಾಸ್ತಿ, ಆದರೂ ಅಳೆದೇ ಕೊಳ್ಳಿ. ಎಲ್ಲ ಸೇರಿ ಹೊಸ ಕುರ್ಚಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಖರ್ಚು.

ಕುರ್ಚಿ ಸರಿಯಾದ ಮೇಲೆ ಮೇಜು ಕೈಕೊಟ್ಟಿತು. 42ಕ್ಕೆ 24 ಸೇರಿಸಿದರೆ ಮೊಣಕೈ 66ರಲ್ಲಿ, ಮೇಜು 74ರಲ್ಲಿ. ಭುಜ ಮೇಲೆತ್ತಿಯೇ ಟೈಪ್ ಮಾಡಬೇಕು. ಕುರ್ಚಿ ಎತ್ತರಿಸಿ ಕಾಲಡಿ ಹಲಗೆ ಇಟ್ಟು ನೋಡಿದೆ, ಕಾಲು ಅತ್ತಿತ್ತ ಆಡಿಸಲಾಗದೆ ಬೇಸರವಾಯಿತು. ಕೊನೆಗೆ ಮೇಜಿನ ಮರದ ಕಾಲುಗಳನ್ನೇ 9 ಸೆಂ.ಮೀ. ಕೊಯ್ದುಬಿಟ್ಟೆ. ಕೀಬೋರ್ಡಿನ ದಪ್ಪಕ್ಕೆ ಒಂದು ಸೆಂ.ಮೀ. ಜಾಸ್ತಿ.

ಜಿಮ್ ಬಾಲ್ ಮೇಲೂ ಕೂತು ನೋಡಿದ್ದೇನೆ. ಅರ್ಧ ಗಂಟೆಗೆ ಬೆನ್ನು ಬಾಗುತ್ತದೆ, ಸುಮ್ನೆ ದಂಡ. ಸೊಂಟದ ಹಿಂದೆ ಇಡುವ ಲಂಬರ್ ದಿಂಬಿಗಿಂತ ಸುತ್ತಿದ ಟವೆಲ್ ಎಷ್ಟೋ ವಾಸಿ, ದಪ್ಪ ನಮಗೆ ಬೇಕಾದಷ್ಟು ಮಾಡಿಕೊಳ್ಳಬಹುದು. ಟಿಲ್ಟ್ ಲಾಕ್ ಹಾಕಿಡಬೇಡಿ. ಸ್ಪ್ರಿಂಗ್ ಬಿಗಿತವನ್ನು ನಿಮ್ಮ ತೂಕಕ್ಕೆ ತಿರುಗಿಸಿ, 100ರಿಂದ 110 ಡಿಗ್ರಿಯಷ್ಟು ಹಿಂದಕ್ಕೆ ಒರಗಿ ಕೂತರೆ ಸೊಂಟದ ಮೇಲಿನ ಭಾರದಲ್ಲಿ ಒಂದಷ್ಟನ್ನು ಬೆನ್ನೊರಗು ಹೊರುತ್ತದೆ.

ಹೆಡ್‌ರೆಸ್ಟ್ ಬೇಕಾ ಅಂತ ಕೇಳುವವರಿದ್ದಾರೆ. ನನ್ನದಕ್ಕೆ ಇತ್ತು, ಬಿಚ್ಚಿಟ್ಟಿದ್ದೇನೆ. ಟೈಪ್ ಮಾಡುವಾಗ ತಲೆ ಅದಕ್ಕೆ ತಾಗುವುದೇ ಇಲ್ಲ.